ಕಪಿಲೆಯ ದಡದಲ್ಲಿ ಸಮಾನತೆಯ ಸಾಧನೆ

ವಯನಾಡಿನ ಬೆಟ್ಟಗಳಿಂದ ಇಳಿದು ಬರುವ ಕಪಿಲಾ ನದಿಯು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು, ಗದ್ದೆಬಯಲುಗಳ ನಡುವೆ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಎರಡೂ ಪುಣ್ಯಕ್ಷೇತ್ರಗಳು. ಒಂದು ಕಡೆ 120 ಅಡಿ ಎತ್ತರದ ರಾಜಗೋಪುರ, ಇನ್ನೊಂದು ಕಡೆ ಗುಂಜಾ ನರಸಿಂಹಸ್ವಾಮಿಯ ಮತ್ತು ಅಗಸ್ತ್ಯೇಶ್ವರನ ಗುಡಿಗಳು. ಈ ನೀರಿನಲ್ಲಿ ಮಿಂದವರ ಪಾಪ ತೊಳೆಯುವುದೆಂದು ಸ್ಥಳಪುರಾಣಗಳು ಹೇಳುತ್ತವೆ. ಹೀಗಿದ್ದೂ ಇದೇ ದಡದ ಹಳ್ಳಿಗಳಲ್ಲಿ, ನಮ್ಮ ತಾತಂದಿರ ಕಾಲದವರೆಗೆ, ಊರ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳುವ ಹಕ್ಕಿಲ್ಲದ ಮನೆಗಳು ಕೇರಿಗಟ್ಟಲೆ ಇದ್ದುವು. ಆ ಮನೆಗಳವರು ಬಾವಿಯ ಬಳಿಗೆ, ಶಾಲೆಯ ಒಳಕ್ಕೆ, ಗುಡಿಯ ಬಾಗಿಲಿಗೆ ಹೇಗೆ ಬಂದರು, ಬರುವಾಗ ಏನು ತೆತ್ತರು ಎಂಬುದು ನಮ್ಮ ಸೀಮೆಯ ಚರಿತ್ರೆಯ ಬಹು ಮುಖ್ಯವಾದ ಅಧ್ಯಾಯ. ಅರಸರ ಯುದ್ಧಗಳನ್ನೂ ದೇವಾಲಯದ ಶಿಲ್ಪವನ್ನೂ ಬಣ್ಣಿಸುವ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಕಡಿಮೆ. ಆದುದರಿಂದ ಅದನ್ನು ಇಲ್ಲಿ ಕ್ರಮವಾಗಿ ನೋಡುವುದು ಉಚಿತ.

ಮನುಷ್ಯರನ್ನು ಹುಟ್ಟಿನಿಂದಲೇ ದೂರ ಇಡುವ ಈ ಪದ್ಧತಿ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಅಮೆರಿಕ ದೇಶದ ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸಾಲು ಎಂದು ಕಾನೂನೇ ಗೊತ್ತುಮಾಡಿದ್ದಿತು. 1954ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪುಕೊಟ್ಟಿತು. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿ ನಗರದ ಕರಿಯ ಜನರು ಬಸ್ಸು ಹತ್ತುವುದನ್ನೇ ನಿಲ್ಲಿಸಿ, 381 ದಿನ ಹಟದಿಂದ ನಡೆದಾಡಿ ಗೆದ್ದರು. ಅವರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದರು. ತಿರುವನಂತಪುರದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ತಮ್ಮನ್ನು ಮಕ್ಕಳಿಗೆ ಅಮೆರಿಕದ ಒಬ್ಬ ಅಸ್ಪೃಶ್ಯ ಬಂಧುವೆಂದು ಪರಿಚಯಿಸಿದರೆಂದೂ, ಆ ಮಾತು ಮೊದಲು ತಮ್ಮ ಮನಸ್ಸಿಗೆ ನಾಟಿತೆಂದೂ, ಯೋಚಿಸಿ ನೋಡಿದಾಗ ಅದು ನಿಜವೆಂದು ಒಪ್ಪಿದೆನೆಂದೂ ಅವರೇ 1965ರಲ್ಲಿ ಹೇಳಿಕೊಂಡರು. ಅದಕ್ಕೂ ಮೊದಲು, 1946ರಲ್ಲಿ, ಡಾಕ್ಟರ್ ಅಂಬೇಡ್ಕರ್ ಅವರು ಅಮೆರಿಕದ ಕರಿಯ ವಿದ್ವಾಂಸರಾದ ಡು ಬಾಯ್ಸ್ ಅವರಿಗೆ ಕಾಗದ ಬರೆದು ಎರಡು ಜನಗಳ ಸ್ಥಿತಿಯ ಹೋಲಿಕೆಯನ್ನು ತಿಳಿಸಿದ್ದರು. ಸಾವಿರಾರು ಮೈಲಿ ದೂರದ ಇಬ್ಬರು ನೊಂದವರು ಒಬ್ಬರನ್ನೊಬ್ಬರು ಗುರುತಿಸಿದ ಬಗೆ ಇದು.

ಒಂದು ಭೇದವನ್ನು ಮಾತ್ರ ಗಮನಿಸಬೇಕು. ಅಲ್ಲಿ ಮೈಬಣ್ಣವೇ ಗುರುತು, ಕಂಡೊಡನೆ ತಿಳಿಯುತ್ತದೆ. ಇಲ್ಲಿ ಇಬ್ಬರ ಬಣ್ಣವೂ ಒಂದೇ, ಮಾತೂ ಒಂದೇ, ಉಣ್ಣುವ ರಾಗಿ ಮುದ್ದೆಯೂ ಒಂದೇ. ಆದಕಾರಣ ಗುರುತನ್ನು ಹುಟ್ಟಿಸಬೇಕಾಯಿತು. ವಾಸಕ್ಕೆ ಊರ ಹೊರಗೆ ಕೇರಿ, ಕುಡಿಯಲು ಬೇರೆ ಬಾವಿ, ಹೋಟೆಲಿನಲ್ಲಿ ಬೇರೆ ಲೋಟ, ಕ್ಷೌರಿಕನ ಬಳಿ ಸರದಿಯೇ ಇಲ್ಲ, ಹೆಸರನ್ನು ಕರೆಯುವಾಗ ಏಕವಚನ. ನಂಜನಗೂಡಿನಲ್ಲಿ ದಳವಾಯಿ ದೇವರಾಜನ ಕಾಲದ್ದೆಂದು ಹೇಳುವ, 1735ರ ಸುಮಾರಿನ ಕಲ್ಲುಸೇತುವೆಯೊಂದಿದೆ. ಎತ್ತಿನ ಗಾಡಿಯೂ ರೈಲುಬಂಡಿಯೂ ಅದರ ಮೇಲೆಯೇ ಹಾಯ್ದುವು. ಹೊಳೆ ದಾಟುವಾಗ ಎಲ್ಲರಿಗೂ ಒಂದೇ ಸೇತುವೆ. ದಾಟಿ ಊರು ಹೊಕ್ಕೊಡನೆ ಮತ್ತೆ ಅವರವರ ದಾರಿ.

ಈ ವ್ಯವಸ್ಥೆಯ ಒಳಹೊರಗನ್ನು ತಾಳ್ಮೆಯಿಂದ ನೋಡಿ ಬರೆದ ವಿದ್ವಾಂಸರೊಬ್ಬರು ನಮ್ಮವರೇ ಆಗಿದ್ದರು. ಮೈಸೂರಿನಲ್ಲಿ ಹುಟ್ಟಿದ ಪ್ರೊಫೆಸರ್ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಯಲ್ಲಿ ನೆಲೆನಿಂತು ಹಳ್ಳಿಯ ಬಾಳನ್ನು ಅಭ್ಯಾಸಮಾಡಿದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳಿಗೆ ಬೆಂಕಿಬಿದ್ದಿತು. ಆಗ ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಚಿತ್ರಿಸಿ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಕೊಡಗಹಳ್ಳಿಗೆ ಅಲ್ಲಿ ರಾಂಪುರವೆಂದು ಹೆಸರು. ಭೂಮಿ ಯಾರ ಕೈಯಲ್ಲಿದೆಯೋ, ಸಂಖ್ಯೆ ಯಾರದು ಹೆಚ್ಚೋ ಅವರ ಮಾತೇ ಹಳ್ಳಿಯಲ್ಲಿ ನಡೆಯುತ್ತದೆಂಬುದನ್ನು ವಿವರಿಸುವ ‘ಪ್ರಬಲ ಜಾತಿ’ ಎಂಬ ಕಲ್ಪನೆಯನ್ನು ಅವರು ಬೆಳೆಸಿದ್ದು ಇಂಥ ಅನುಭವದಿಂದಲೇ. ಅಸ್ಪೃಶ್ಯತೆಯನ್ನು ಬರಿಯ ಮಡಿಮೈಲಿಗೆಯ ವಿಷಯವೆಂದು ತಿಳಿದವರಿಗೆ ಇದರಿಂದ ಒಂದು ಪಾಠವಿದೆ. ಮೈಲಿಗೆಯ ನಂಬಿಕೆಯ ಬೆನ್ನಿಗೆ ಭೂಮಿ ಇದೆ, ಸಾಲವಿದೆ, ಕಣದಲ್ಲಿ ಅಳೆದುಕೊಡುವ ಧಾನ್ಯವಿದೆ. ಹೊಲವಿಲ್ಲದವನು ಯಾರ ಹೊಲದಲ್ಲಿ ದುಡಿಯಬೇಕೋ ಅವನ ಬಾವಿಗೆ ಕೊಡ ಇಳಿಬಿಡುವುದು ಸುಲಭವಲ್ಲ.

ನಮ್ಮ ನಾಡಿನಲ್ಲಿ ಈ ಅನ್ಯಾಯಕ್ಕೆ ಎದುರು ನುಡಿದವರು ಇರಲಿಲ್ಲವೆಂದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳಿಗೆ ಶರಣರು ಮದುವೆಮಾಡಿಸಿದ ಕಥೆಯನ್ನು, ಅದಕ್ಕಾಗಿ ಅವರು ಅನುಭವಿಸಿದ ಘೋರ ಶಿಕ್ಷೆಯನ್ನು ಅರಿಯದ ಕನ್ನಡಿಗರಿಲ್ಲ. ನಮ್ಮ ಈ ದಕ್ಷಿಣದ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಇಂದಿಗೂ ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ, ಧರೆಗೆ ದೊಡ್ಡವರಾದ ಮಂಟೇದ ಲಿಂಗಯ್ಯನವರು ಕೀಳುಜಾತಿಯವನ ವೇಷದಲ್ಲಿ ಕಲ್ಯಾಣದ ಬಾಗಿಲಿಗೇ ಹೋಗಿ ಶರಣರ ಸಮತೆಯನ್ನು ಪರೀಕ್ಷಿಸುತ್ತಾರೆ. ಸಮಾನತೆಯನ್ನು ಸಾರಿದವರನ್ನೂ ಬಾಗಿಲಲ್ಲಿ ನಿಂತು ಪ್ರಶ್ನಿಸಬೇಕೆಂಬ ಎಚ್ಚರ ಆ ಹಾಡುಗಾರರಿಗೆ ಇದ್ದಿತು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಒಕ್ಕಲಿನವರು ಜಾತಿಯೆಣಿಸದೆ ಪಂಕ್ತಿಸೇವೆಯಲ್ಲಿ ಕೂಡಿ ಉಣ್ಣುವುದು ಆ ಪರಂಪರೆಯ ಉಳಿಕೆ. ನಂಜುಂಡೇಶ್ವರನ ವಿಷಯದಲ್ಲಿಯೂ ಒಂದು ಐತಿಹ್ಯವಿದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಈ ದೇವರ ಹರಕೆಯಿಂದ ವಾಸಿಯಾಯಿತೆಂದೂ, ಆತನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಮ ನಂಜುಂಡ’ ಎಂದು ಕರೆದನೆಂದೂ ಜನ ಹೇಳುತ್ತಾರೆ. ಅನ್ಯಮತದ ಅರಸನಿಗೆ ವೈದ್ಯನಾದ ದೇವರು ಸ್ವಂತ ಊರಿನ ಕೂಲಿಯವನಿಗೆ ಬಾಗಿಲ ಹೊರಗಿನ ದೇವರಾಗಿಯೇ ಉಳಿದದ್ದು ಸೋಜಿಗ.

ಹಾಡು ಮನಸ್ಸನ್ನು ಸಿದ್ಧಮಾಡುತ್ತದೆ. ಬಾಗಿಲನ್ನು ತೆರೆಯಲು ಬೇರೆ ಉಪಾಯ ಬೇಕು. ನಮ್ಮ ಸಂಸ್ಥಾನದಲ್ಲಿ ಮೊದಲು ತೆರೆದದ್ದು ಶಾಲೆಯ ಬಾಗಿಲು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 19ನೆಯ ಶತಮಾನದ ಕೊನೆಯಲ್ಲಿಯೇ ಈ ಮಕ್ಕಳಿಗೆ ಶಾಲೆ ನಡೆಸಿ ದಾರಿ ತೋರಿಸಿದ್ದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಪಂಚಮ ಮಕ್ಕಳಿಗೆಂದು ಶಾಲೆಯೂ ಊಟ ವಸತಿಯ ಏರ್ಪಾಡೂ ಆದುವು. ತಿ. ನರಸೀಪುರ ತಾಲ್ಲೂಕಿನ ತಲಕಾಡಿನವರಾದ ರಂಗೇಗೌಡರು ಮೈಸೂರಿಗೆ ಬಂದು ಈ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತರು. ಇದು ಮೊದಲ ಹೆಜ್ಜೆ. ಆದರೆ ಬೇರೆ ಶಾಲೆ ಎಂಬುದರಲ್ಲಿಯೇ ಬೇರ್ಪಡಿಸುವಿಕೆ ಉಳಿದುಕೊಂಡಿತು. ಎಲ್ಲರ ಶಾಲೆಯಲ್ಲಿ ಎಲ್ಲರೊಡನೆ ಕೂರಿಸುವುದೇ ನಿಜವಾದ ಪರೀಕ್ಷೆ.

ಆ ಪರೀಕ್ಷೆ 1910ರ ದಶಕದಲ್ಲಿ ಬಂದಿತು. ಸರ್ಕಾರಿ ಶಾಲೆಗಳಿಗೆ ಪಂಚಮ ಬಾಲಕರನ್ನು ಸೇರಿಸಿಕೊಳ್ಳಬೇಕೆಂದು ಸಂಸ್ಥಾನದ ಸರ್ಕಾರ ಹೇಳಿದಾಗ ಶೃಂಗೇರಿಯಂಥ ಕಡೆಗಳಲ್ಲಿ ದೊಡ್ಡ ಗಲಭೆಯೇ ಎದ್ದಿತು. ಉಳಿದ ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ಆ ವರ್ಷಗಳಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ ಬಂದವರು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು. ಶಾಲೆ ಖಾಲಿಯಾದರೂ ಚಿಂತೆಯಿಲ್ಲ, ಬಾಗಿಲು ಮಾತ್ರ ಮುಚ್ಚಕೂಡದೆಂಬ ನಿಲುವು ಅವರದು. ಇದರ ಬೆಲೆಯನ್ನು ಅರಿಯಬೇಕಾದರೆ ಅಮೆರಿಕದ ವರ್ಜೀನಿಯ ಸಂಸ್ಥಾನದ ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆಯನ್ನು ನೆನೆಯಬೇಕು. ಕರಿಯ ಮಕ್ಕಳ ಪಕ್ಕದಲ್ಲಿ ತಮ್ಮ ಮಕ್ಕಳು ಕುಳಿತುಕೊಳ್ಳುವುದು ಬೇಡವೆಂದು ಅಲ್ಲಿಯವರು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆಗಳಾದುವು. ಕರಿಯ ಮಕ್ಕಳಲ್ಲಿ ಅನೇಕರಿಗೆ ಐದು ವರ್ಷ ಓದೇ ಇಲ್ಲದಾಯಿತು. ಅದಕ್ಕೆ 40 ವರ್ಷ ಮೊದಲೇ ಮೈಸೂರಿನ ಅಧಿಕಾರಿಯೊಬ್ಬರು ಇದೇ ಇಕ್ಕಟ್ಟಿನಲ್ಲಿ ಬೇರೆಯ ದಾರಿ ಹಿಡಿದರೆಂಬುದು ಕನ್ನಡನಾಡಿಗೆ ಭೂಷಣ.

1918ರಲ್ಲಿ ಮಹಾರಾಜರ ಸರ್ಕಾರವು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಹಿಂದುಳಿದವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಹೇಗೆ ಕೊಡಬೇಕೆಂದು ಕೇಳಿತು. 1919ರ ಅದರ ವರದಿಯಿಂದ ವಿದ್ಯಾರ್ಥಿವೇತನಗಳೂ ಹುದ್ದೆಗಳ ಮೀಸಲೂ ಬಂದುವು. ಆದರೆ ಹಿಂದುಳಿದವರ ಸಾಲಿನಲ್ಲಿ ಮುಂದಿದ್ದವರಿಗೆ ಅದರ ಫಲ ಬೇಗ ದಕ್ಕಿತು. ಸಾಲಿನ ತುದಿಯಲ್ಲಿದ್ದ ಕೇರಿಯವರಿಗೆ ತಡವಾಗಿ, ಸ್ವಲ್ಪವಾಗಿ ದಕ್ಕಿತು.

ಇಲ್ಲಿ ಹೆಸರುಗಳ ವಿಷಯವಾಗಿ ಒಂದು ಮಾತು ಹೇಳುವುದು ಪಂಡಿತವೃತ್ತಿಯವನಿಗೆ ಸಹಜ. ನಾಲ್ಕು ವರ್ಣಗಳ ಆಚೆ ಐದನೆಯವನೆಂಬ ಅರ್ಥದಲ್ಲಿ ಸರ್ಕಾರದ ಕಾಗದಗಳು ‘ಪಂಚಮ’ ಎಂದು ಬರೆದುವು. 1920ರ ದಶಕದಲ್ಲಿ ‘ಆದಿಕರ್ನಾಟಕ’, ‘ಆದಿದ್ರಾವಿಡ’ ಎಂಬ ಹೆಸರುಗಳು ಬಳಕೆಗೆ ಬಂದುವು. ಈ ನೆಲದ ಮೊದಲ ಒಕ್ಕಲು ನಾವು ಎಂಬ ಅಭಿಮಾನ ಆ ಹೆಸರಿನಲ್ಲಿದೆ. ಮೈಸೂರಿನ ಇಂದಿನ ಅಶೋಕಪುರಕ್ಕೆ ಹಿಂದೆ ಆದಿಕರ್ನಾಟಕಪುರವೆಂದೇ ಹೆಸರಿದ್ದಿತು. ಆಮೇಲೆ ಗಾಂಧೀಜಿಯವರಿಂದ ‘ಹರಿಜನ’ ಎಂಬುದು ಪ್ರಚಾರಕ್ಕೆ ಬಂದಿತು. ಅದು ಕರುಣೆಯ ಹೆಸರು. ಕರುಣೆ ತೋರುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಅದರಲ್ಲಿದೆಯೆಂದು ಅಂಬೇಡ್ಕರ್ ಅವರೂ ಅವರ ಅನುಯಾಯಿಗಳೂ ಅದನ್ನು ಒಪ್ಪಲಿಲ್ಲ. ಸಂವಿಧಾನವು ‘ಪರಿಶಿಷ್ಟ ಜಾತಿ’ ಎಂದಿತು. ತುಳಿಯಲ್ಪಟ್ಟವನೆಂಬ ಅರ್ಥದ ‘ದಲಿತ’ ಶಬ್ದವು 1970ರ ದಶಕದಲ್ಲಿ ನಮ್ಮಲ್ಲಿ ನೆಲೆಯೂರಿತು. ತುಳಿದವರು ಯಾರೆಂಬ ಪ್ರಶ್ನೆಯೂ ಆ ಶಬ್ದದೊಳಗೇ ಅಡಗಿರುವುದರಿಂದ ಅದಕ್ಕೆ ಕಸುವು ಹೆಚ್ಚು. ಯಾರೋ ಇಟ್ಟ ಹೆಸರಿನಿಂದ ತಾವೇ ಇಟ್ಟುಕೊಂಡ ಹೆಸರಿಗೆ ಬಂದ ಈ ಪ್ರಯಾಣದಲ್ಲಿ ಹೋರಾಟದ ಇಡೀ ಸಾರಾಂಶವಿದೆ.

ಇನ್ನು ನಂಜನಗೂಡು ತಾಲ್ಲೂಕಿನ ತಗಡೂರಿಗೆ ಬರೋಣ. ಇಲ್ಲಿನ ರಾಮಚಂದ್ರರಾಯರು ಸ್ವಾತಂತ್ರ್ಯ ಹೋರಾಟಕ್ಕೂ ಖಾದಿ ಪ್ರಚಾರಕ್ಕೂ ಅಸ್ಪೃಶ್ಯತಾ ನಿವಾರಣೆಗೂ ಬಾಳನ್ನು ಸವೆಸಿದವರು. ಜನ ಅವರನ್ನು ಮೈಸೂರಿನ ಗಾಂಧಿಯೆಂದು ಕರೆದರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಕೇರಿಯ ಜನರೊಡನೆ ಬೆರೆತು ಬಾಳುವುದೆಂದರೆ ಆ ಕಾಲದಲ್ಲಿ ಸ್ವಜನರ ಮುನಿಸನ್ನು ಕೈಯಾರೆ ತಂದುಕೊಂಡಂತೆ. ಅದೇ ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರ ಬೆಳೆಯಿತು. ಬಡ ಹೆಂಗಸರು ನೂತ ನೂಲಿಗೆ ಕೂಲಿ ಸಿಕ್ಕಿತು. ಆ ಕೂಲಿ ಅಲ್ಪವಿರಬಹುದು. ಆದರೆ ಒಡೆಯನ ಕಣದಿಂದ ಬರದೆ ತನ್ನ ಕೈಯ ಕಸುಬಿನಿಂದ ಬಂದ ಕಾಸಿಗೆ ಬೇರೆಯದೇ ತೂಕವಿದೆ.

1933ರ ನವೆಂಬರಿನಲ್ಲಿ ಗಾಂಧೀಜಿಯವರು ವಾರ್ಧಾದಿಂದ ಹರಿಜನ ಯಾತ್ರೆ ಹೊರಟರು. ಒಂಬತ್ತು ತಿಂಗಳಲ್ಲಿ ಸುಮಾರು 12,500 ಮೈಲಿ ಸುತ್ತಿ, ಹರಿಜನ ನಿಧಿಗೆ ಸುಮಾರು 8 ಲಕ್ಷ ರೂಪಾಯಿ ಕೂಡಿಸಿದರು. 1934ರ ಜನವರಿಯಲ್ಲಿ ಆ ಯಾತ್ರೆ ಮೈಸೂರು ಸೀಮೆಗೆ ಬಂದಾಗ ಅವರು ತಗಡೂರಿಗೂ ಬದನವಾಳಿಗೂ ಬಂದರು. ದೊಡ್ಡ ನಗರಗಳಲ್ಲಿ ಬಿನ್ನವತ್ತಳೆಗಳನ್ನು ಸ್ವೀಕರಿಸುವುದು ಒಂದು ಬಗೆ. ಕಾಲುದಾರಿಯ ಹಳ್ಳಿಗೆ ಬಂದು ನೂಲುವ ಹೆಂಗಸರ ಮುಂದೆ ಕೂರುವುದು ಇನ್ನೊಂದು ಬಗೆ. ಅಸ್ಪೃಶ್ಯತೆ ಪಾಪವೆಂಬ ಮಾತು ದೇಶದ ಅತಿ ಪೂಜ್ಯ ವ್ಯಕ್ತಿಯ ಬಾಯಿಂದ ಆ ಹಳ್ಳಿಗಳಿಗೆ ಕೇಳಿಸಿತು. ಇಷ್ಟಾಗಿಯೂ ಗಾಂಧೀಜಿಯವರ ಮಾತು ಮುಖ್ಯವಾಗಿ ಸವರ್ಣೀಯರ ಅಂತಃಕರಣಕ್ಕೆ ಹೇಳಿದ ಮಾತು. ಅವರ ಮನಸ್ಸು ಕರಗಬೇಕು, ಅವರೇ ಬಾಗಿಲು ತೆರೆಯಬೇಕು ಎಂಬುದು ಅದರ ಆಶಯ. ಮನಸ್ಸು ಕರಗದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕಾನೂನು.

ಮಾದರಿ ಸಂಸ್ಥಾನವೆಂದು ಹೆಸರಾಂತ ಮೈಸೂರು ಈ ಒಂದು ವಿಷಯದಲ್ಲಿ ಹಿಂದೆ ಬಿದ್ದಿತೆಂದು ಒಪ್ಪಲೇಬೇಕು. ತಿರುವಾಂಕೂರಿನ ಮಹಾರಾಜರು 1936ರ ನವೆಂಬರ್ 12ರಂದೇ ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದರು. ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರ ಕಾಲದಿಂದ ತಿರುಕುಲದವರಿಗೆ ವರ್ಷಕ್ಕೆ ಮೂರು ದಿನ ಪ್ರವೇಶವಿದ್ದಿತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಉಳಿದ ದಿನಗಳ ಲೆಕ್ಕವನ್ನು ಹೇಳುವುದಿಲ್ಲ. ಮೈಸೂರಿನ ದೇವಾಲಯ ಪ್ರವೇಶದ ಕಾನೂನು ಬಂದದ್ದು 1948ರಲ್ಲಿ, ಜವಾಬ್ದಾರಿ ಸರ್ಕಾರ ಸ್ಥಾಪನೆಯಾದ ಮೇಲೆ. ಅದೇ ವರ್ಷದ ನವೆಂಬರ್ 29ರಂದು ದೆಹಲಿಯಲ್ಲಿ ಸಂವಿಧಾನ ಸಭೆಯು ಅಸ್ಪೃಶ್ಯತೆಯನ್ನು ರದ್ದುಮಾಡುವ ವಿಧಿಯನ್ನು ಅಂಗೀಕರಿಸಿತು. ಸಂವಿಧಾನದಲ್ಲಿ ಅದು 17ನೆಯ ವಿಧಿ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಜಾರಿಗೆ ಬಂದು ಬಾವಿ, ಹೋಟೆಲು, ಕ್ಷೌರದಂಗಡಿ, ಗುಡಿಗಳಲ್ಲಿ ಅಡ್ಡಿಪಡಿಸುವುದು ಶಿಕ್ಷಾರ್ಹವಾಯಿತು. ಅಮೆರಿಕದಲ್ಲಿ ಹೋಟೆಲು ಮುಂತಾದ ಸಾರ್ವಜನಿಕ ಸ್ಥಳಗಳ ಭೇದವನ್ನು ಇಡೀ ದೇಶಕ್ಕೆ ಅನ್ವಯವಾಗುವಂತೆ ನಿಷೇಧಿಸಿದ ಕಾನೂನು ಬಂದದ್ದು 1964ರಲ್ಲಿ. ಕಾಗದದ ಮೇಲೆ ನಾವು ಒಂಬತ್ತು ವರ್ಷ ಮುಂದಿದ್ದೆವು.

ಕಾಗದದ ಮೇಲಿನ ಅಕ್ಷರ ನೆಲಕ್ಕೆ ಇಳಿಯಬೇಕಾದರೆ ನೆಲದ ವ್ಯವಸ್ಥೆಯೂ ಬದಲಾಗಬೇಕು. ತೋಟಿ, ತಳವಾರ ಮೊದಲಾದ ವಂಶಪಾರಂಪರ್ಯದ ಚಾಕರಿಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ತಂದೆ ಮಾಡಿದ ಊಳಿಗವನ್ನು ಮಗನೂ ಮಾಡಲೇಬೇಕೆಂಬ ಕಟ್ಟು ಕಾನೂನಿನಲ್ಲಿ ಹರಿಯಿತು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಬಂದಿತು. 1975ರ ಅಕ್ಟೋಬರಿನ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆಯಿಂದ ಜೀತ ಪದ್ಧತಿ ರದ್ದಾಯಿತು. ಸರ್ಕಾರ ಕೊಟ್ಟ ಜಮೀನು ಪರಿಶಿಷ್ಟರ ಕೈತಪ್ಪಿ ಹೋಗದಂತೆ ತಡೆಯಲು 1978ರಲ್ಲಿ ಇನ್ನೊಂದು ಕಾನೂನು ಬಂದಿತು. ದೇವಾಲಯ ಪ್ರವೇಶದಷ್ಟು ಸದ್ದುಮಾಡದ ಇಂಥ ಕಾಯಿದೆಗಳೇ ಕೇರಿಯ ಬಾಳಿನಲ್ಲಿ ಆಳವಾದ ಬದಲಾವಣೆಗೆ ಎಡೆಮಾಡಿದುವು. ಹಂಗು ಕಡಿಮೆಯಾದಷ್ಟೂ ಬೆನ್ನು ನೆಟ್ಟಗಾಗುತ್ತದೆ.

ಹೀಗೆ ನೆಟ್ಟಗಾದ ಬೆನ್ನು 1970ರ ದಶಕದಲ್ಲಿ ಎಲ್ಲರ ಕಣ್ಣಿಗೆ ಕಂಡಿತು. ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಹೇಯ ಪದ್ಧತಿಯನ್ನು ನಿಲ್ಲಿಸಲು ಆಜ್ಞೆಮಾಡಿದವರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸಾ ಎಂದರು. ನಾಡಿನಲ್ಲೆಲ್ಲ ಪ್ರತಿಭಟನೆಗಳಾದುವು, ಹಲವೆಡೆ ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಲಾಯಿತು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಕನ್ನಡವನ್ನು ಓದಿ ಕಲಿಸುವ ನಮ್ಮಂಥವರಿಗೆ ಆ ಮಾತು ಕಹಿ. ಆದರೆ ಅದರ ಹಿಂದಿನ ಪ್ರಶ್ನೆ ನ್ಯಾಯವಾದುದು. ಸಾವಿರ ವರ್ಷಗಳ ಸಾಹಿತ್ಯದಲ್ಲಿ ಕೇರಿಯ ಬಾಳು ಕೇರಿಯವರ ಮಾತಿನಲ್ಲಿಯೇ ಎಷ್ಟು ಬಂದಿದೆ? ಈ ಪ್ರಶ್ನೆಗೆ ಹತ್ತು ವರ್ಷಗಳ ತರುವಾಯ ನಂಜನಗೂಡು ತಾಲ್ಲೂಕೇ ಉತ್ತರ ಕೊಟ್ಟಿತು. ದೇವನೂರಿನ ಮಹಾದೇವ ಅವರು ತಮ್ಮ ಸೀಮೆಯ ಆಡುನುಡಿಯನ್ನೇ ಹಿಡಿದು ಬರೆದ ‘ಕುಸುಮಬಾಲೆ’ ಕನ್ನಡ ಗದ್ಯದ ದಾರಿಯನ್ನೇ ಬದಲಿಸಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವ್ಯಾಕರಣ ಪಾಠದಲ್ಲಿ ಯಾವುದನ್ನು ಅಶುದ್ಧವೆಂದು ತಿದ್ದುತ್ತಿದ್ದರೋ ಆ ನುಡಿಯೇ ತರಗತಿಯ ಪಠ್ಯವಾಯಿತು.

ಬೂಸಾ ಪ್ರಕರಣದ ಕಾವಿನಲ್ಲಿಯೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಪ್ರೊಫೆಸರ್ ಬಿ. ಕೃಷ್ಣಪ್ಪನವರು ಅದನ್ನು ಕಟ್ಟಿದವರಲ್ಲಿ ಪ್ರಮುಖರು. ಹಾಡುಗಳಿಂದ, ಬೀದಿನಾಟಕಗಳಿಂದ, ಕಾಲ್ನಡಿಗೆಯ ಜಾಥಾಗಳಿಂದ ಅದು ಹಳ್ಳಿಗಳನ್ನು ಮುಟ್ಟಿತು. ಹೆಂಡ ಬೇಡ, ವಸತಿ ಶಾಲೆ ಬೇಕು ಎಂಬುದು ಅದರ ಪ್ರಸಿದ್ಧ ಕೂಗುಗಳಲ್ಲೊಂದು. ಅನುಗ್ರಹವಾಗಿ ಬೇಡುತ್ತಿದ್ದುದನ್ನು ಹಕ್ಕಾಗಿ ಕೇಳುವ ದನಿ ಇದು. ಆಜ್ಞೆ ಅರಮನೆಯಿಂದ ಬಂದಿದ್ದಿತು, ಸೇವೆ ಆಶ್ರಮದಿಂದ ಬಂದಿದ್ದಿತು. ಈ ದನಿ ಕೇರಿಯಿಂದಲೇ ಎದ್ದು ಬಂದಿತು.

ಹಕ್ಕಾಗಿ ಕೇಳುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಬದನವಾಳು ತಿಳಿಸಿತು. ಗಾಂಧೀಜಿ ಬಂದುಹೋದ ಅದೇ ಊರಿನಲ್ಲಿ ಸಿದ್ಧೇಶ್ವರ ದೇವಾಲಯದ ಪ್ರವೇಶದ ವಿಷಯವಾಗಿ ವ್ಯಾಜ್ಯ ಬೆಳೆದು, 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಸತ್ತವರಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯರು. ಅವರ ಮಗನೂ ಅವರೊಡನೆಯೇ ಪ್ರಾಣ ಬಿಟ್ಟರು. ದೇವಾಲಯ ಪ್ರವೇಶದ ಕಾನೂನಾಗಿ ಆಗ 45 ವರ್ಷ ಕಳೆದಿದ್ದುವು. ಗಾಂಧೀಜಿ ಬಂದು 59 ವರ್ಷವಾಗಿದ್ದಿತು. ಕೊಲೆಯಾದ ಆ ಉಪಾಧ್ಯಾಯರು ಶಾಲೆಯ ಬಾಗಿಲು ದಾಟಿ, ಓದಿ, ಓದಿಸಿ, ಸರ್ಕಾರದ ಸೇವೆ ಮುಗಿಸಿ ಗೌರವದಿಂದ ಮನೆಗೆ ಬಂದವರು. ಶಾಲೆ ಅವರನ್ನು ಒಳಗೆ ಕರೆದುಕೊಂಡಿತ್ತು. ಊರು ಕರೆದುಕೊಳ್ಳಲಿಲ್ಲ. ಆ ಕೃತ್ಯದ ಮೇಲೆ ಊರ ಎರಡು ಭಾಗಗಳ ನಡುವಣ ದಾರಿಯಲ್ಲಿ ಓಡಾಟವೇ ನಿಂತುಹೋಯಿತು.

ಆ ಊರಿನ ಕಥೆ ಅಲ್ಲಿಗೇ ನಿಲ್ಲಲಿಲ್ಲವೆಂಬುದು ಸಮಾಧಾನ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಕಸುಬಿನ ಬದುಕಿನ ಪರವಾಗಿ ಬದನವಾಳಿನ ಹಳೆಯ ಖಾದಿ ಕೇಂದ್ರದಲ್ಲಿ ಕುಳಿತು ಸತ್ಯಾಗ್ರಹ ನಡೆಸಿದಾಗ ನಾಡಿನ ಹಲವು ಕಡೆಗಳಿಂದ ಜನ ಬಂದು ಸೇರಿದರು. 2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಭಾರತ್ ಜೋಡೊ ಯಾತ್ರೆ ಆ ಊರಿಗೆ ಬಂದ ಸಂದರ್ಭದಲ್ಲಿ, ಮುಚ್ಚಿಹೋಗಿದ್ದ ಆ ದಾರಿಗೆ ಹೊಸದಾಗಿ ಹಾಸು ಹಾಕಿ ಎರಡೂ ಬೀದಿಯವರು ಕೂಡಿ ಊಟಮಾಡಿದರು. ಯಾರ ಯಾತ್ರೆ ಎಂಬುದು ಕಾಲಕ್ರಮದಲ್ಲಿ ಮರೆಯಬಹುದು. 29 ವರ್ಷಗಳ ಮೇಲೆ ಎರಡು ಬೀದಿಗಳ ನಡುವೆ ಕಾಲು ಹಾಕಲು ದಾರಿಯಾಯಿತೆಂಬುದು ಊರಿನವರ ಪಾಲಿಗೆ ಉಳಿಯುವ ಸಂಗತಿ.

ಇದಕ್ಕೆ ಎರಡು ವರ್ಷ ಮೊದಲು, 2020ರ ನವೆಂಬರಿನಲ್ಲಿ, ಅದೇ ತಾಲ್ಲೂಕಿನ ಹಲ್ಲರೆ ಗ್ರಾಮದ ಕ್ಷೌರಿಕರೊಬ್ಬರು ದಲಿತರಿಗೆ ಕ್ಷೌರ ಮಾಡಿದರೆಂಬ ಕಾರಣಕ್ಕೆ ಊರ ಕೆಲವರು ಅವರಿಗೆ 50,000 ರೂಪಾಯಿ ದಂಡ ವಿಧಿಸಿದ ಸುದ್ದಿಯೂ ಬಂದಿತು. ಕತ್ತರಿ ಹಿಡಿದ ಆ ಬಡವರು ಭಾಷಣ ಮಾಡಿದವರಲ್ಲ. ಅಂಗಡಿಗೆ ಬಂದ ಗಿರಾಕಿಗೆ ತಮ್ಮ ಕಸುಬನ್ನು ಮಾಡಿಕೊಟ್ಟರು; ದಂಡವನ್ನು ಒಪ್ಪದೆ ಅಧಿಕಾರಿಗಳ ಬಳಿಗೆ ದೂರು ಒಯ್ದರು. 1955ರ ಕಾಯಿದೆ ಹೇಳಿದ್ದೂ ಇಷ್ಟನ್ನೇ. 65 ವರ್ಷಗಳ ಹಿಂದಿನ ಶಾಸನದ ಒಂದು ಸಾಲನ್ನು ಒಬ್ಬ ಕ್ಷೌರಿಕರು ತಮ್ಮ ಅಂಗಡಿಯಲ್ಲಿ ಪಾಲಿಸಿದರು. ಅಮೆರಿಕದ ಗ್ರೀನ್ಸ್‌ಬರೋ ನಗರದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರ ಹೋಟೆಲು ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಅಲ್ಲಿ ಕೇಳಿದವರ ಧೈರ್ಯ ಲೋಕಪ್ರಸಿದ್ಧವಾಯಿತು. ಇಲ್ಲಿ ಕೊಟ್ಟವರ ಧೈರ್ಯವೂ ಅದಕ್ಕೆ ಕಡಿಮೆಯದಲ್ಲ.

ಇಂದು ನಂಜನಗೂಡು, ತಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನಂಜನಗೂಡು 2008ರ ಚುನಾವಣೆಯಿಂದ ಹಾಗಾಯಿತು. ಬಾವಿಯ ಕಟ್ಟೆಗೆ ಬರಲಾರದವರ ಮೊಮ್ಮಕ್ಕಳು ಊರಿಗೆ ನಲ್ಲಿ ಹಾಕಿಸುವ ಅಧಿಕಾರದಲ್ಲಿದ್ದಾರೆ. ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಐದು ತೇರುಗಳು ಹೊರಟಾಗ ಹಗ್ಗ ಹಿಡಿದ ಕೈಗಳಲ್ಲಿ ಯಾರ ಕೈ ಯಾವ ಬೀದಿಯದೆಂದು ಲೆಕ್ಕವಿಡಲು ಸಾಧ್ಯವಿಲ್ಲ. ಇವೆಲ್ಲ ನಿಜವಾದ ಗಳಿಕೆಗಳು; ಇವನ್ನು ಅಲ್ಲಗಳೆಯುವುದು ಹೋರಾಡಿದವರಿಗೆ ಮಾಡುವ ಅಪಚಾರ. ಹಾಗೆಯೇ ಎಲ್ಲವೂ ಮುಗಿದುಹೋಯಿತೆನ್ನುವುದು ಸತ್ತವರಿಗೆ ಮಾಡುವ ಅಪಚಾರ.

ಈ ಚರಿತ್ರೆಯನ್ನು ನಮ್ಮ ಶಾಲೆಗಳಲ್ಲಿ ಹೇಗೆ ಹೇಳುವುದು ಎಂಬುದು ನನ್ನಂಥ ಉಪಾಧ್ಯಾಯರ ಮುಂದಿರುವ ಕೆಲಸ. ಮಹಾರಾಜರ ಔದಾರ್ಯ, ಮಹಾತ್ಮರ ಕರುಣೆ ಎಂದಷ್ಟೇ ಹೇಳಿದರೆ ಅರ್ಧ ಕಥೆ ಹೇಳಿದಂತೆ. ಆ ದಿನಗಳಲ್ಲಿ ಬಗಲಿಗೆ ಸ್ಲೇಟು ಸಿಕ್ಕಿಸಿಕೊಂಡು, ಎಲ್ಲರೂ ದುರುಗುಟ್ಟಿ ನೋಡುತ್ತಿದ್ದ ಶಾಲೆಯೊಳಕ್ಕೆ ಮೊದಲ ಹೆಜ್ಜೆಯಿಟ್ಟ ಆ ಹುಡುಗರ ಹೆಸರುಗಳು ಯಾವ ಗ್ರಂಥದಲ್ಲಿಯೂ ಸಿಗುವುದಿಲ್ಲ. ರೆಡ್ಡಿಯವರ ಆಜ್ಞೆ ಎಷ್ಟೇ ದೊಡ್ಡದಾದರೂ ಅವರು ಬಾರದಿದ್ದರೆ ಅದು ಕಡತದಲ್ಲಿಯೇ ಉಳಿಯುತ್ತಿತ್ತು. ಮಕ್ಕಳನ್ನು ಕಳುಹಿಸಿದ ತಾಯಂದಿರು ಆ ದಿನ ಸಂಜೆಯವರೆಗೆ ಹೇಗೆ ಕಾದಿದ್ದರೋ ನಾವು ಊಹಿಸಬಲ್ಲೆವು. ಈ ಸೀಮೆಯ ಹಳ್ಳಿಗಳಲ್ಲಿ ಅಂಥ ಮನೆಗಳ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರು ತಮ್ಮ ತಂದೆತಾಯಿಗಳಿಂದ ಕೇಳಿದ್ದನ್ನು ಮಕ್ಕಳು ಹೋಗಿ ಕೇಳಿ ಬರೆದುಕೊಂಡರೆ, ಪ್ರತಿ ಊರಿನ ಶಾಲೆಗೂ ತನ್ನದೇ ಆದ ಒಂದು ಚರಿತ್ರೆ ಪುಸ್ತಕ ಸಿಕ್ಕಂತಾಗುತ್ತದೆ.